ತೇಪೆ ಹಾಕಿದ ದೋಣಿ

ಕಳೆದ ತಿಂಗಳು ಮಳೆ ಎರಡು ದಿನ ಹೊಳವು ಕೊಟ್ಟಿತ್ತು. ಆ ಸಂದು ನೋಡಿಕೊಂಡು ಹೊನ್ನಾವರಕ್ಕೆ ಹೋಗಿಬಂದೆ. ನಾನು ಇಪ್ಪತ್ತಾರು ವರ್ಷ ವಿಜ್ಞಾನ ಕಲಿಸಿದ ಶಾಲೆ ಶರಾವತಿಯ ಅಳಿವೆಗೆ ಅನತಿ ದೂರದಲ್ಲಿದೆ. ಹಳೆಯ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಊಟ ಮುಗಿಸಿ, ಅವರ ತೆಂಗಿನ ತೋಟದಲ್ಲಿ ಅಡ್ಡಾಡುತ್ತಿದ್ದಾಗ, ಎರಡು ಚಿರೆಕಲ್ಲುಗಳ ಮೇಲೆ ಬೋರಲಾಗಿ ಮಲಗಿದ್ದ ದೋಣಿಯೊಂದು ಕಣ್ಣಿಗೆ ಬಿತ್ತು. ಮೇಲೆ ಪಾಚಿ, ಪಕ್ಕದಲ್ಲಿ ಹಬ್ಬಿದ ಬಳ್ಳಿ. ಬಳ್ಳಿಯನ್ನು ಸರಿಸಿ ನೋಡಿದೆ. ಬಿಳಿಯ ಮೈಯಲ್ಲಿ ಅಲ್ಲಲ್ಲಿ ತುಸು ಹಳದಿಗಟ್ಟಿದ ತೇಪೆಗಳು. ಆ ತೇಪೆಗಳಲ್ಲಿ ಒಂದೆರಡು ನನ್ನ ಕೈಯಿಂದಲೇ ಹಾಕಿದವು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ಬಳಿಕ ಅವನ್ನು ಮುಟ್ಟಿದಾಗ, ಹಳೆಯ ವಿದ್ಯಾರ್ಥಿಯನ್ನು ಸಂತೆಯಲ್ಲಿ ಗುರುತಿಸಿದಂತಾಯಿತು.

ಆ ದೋಣಿಯ ಕಥೆಯನ್ನು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಬರೆಯಲು ಒಂದು ಸಂಕೋಚವಿತ್ತು. ಅದೇನೆಂಬುದು ಮುಂದೆ ತಿಳಿಯುತ್ತದೆ. ಆದರೆ ಆ ಕಥೆ ಅರ್ಥವಾಗಬೇಕಾದರೆ, ಗಾಜಿನ ನಾರಿನಿಂದ ದೋಣಿ ಮಾಡುವ ವಿದ್ಯೆ ಎಲ್ಲಿಂದ ಬಂತು, ಅದು ಬರುವ ಮೊದಲು ದೋಣಿಗಳನ್ನು ಹೇಗೆ ರಿಪೇರಿ ಮಾಡುತ್ತಿದ್ದರು ಎಂಬುದನ್ನು ಸ್ವಲ್ಪ ನೋಡಬೇಕು. ಓದುಗರು ತಾಳ್ಮೆಯಿಂದ ಜೊತೆಗೆ ಬರಬೇಕೆಂದು ಕೋರುತ್ತೇನೆ.

ನಮ್ಮ ಕರಾವಳಿಯಲ್ಲಿ ದೋಣಿಗಳನ್ನು ಮೊಳೆಯಿಂದ ಜಡಿಯುತ್ತಿರಲಿಲ್ಲ, ಹೊಲಿಯುತ್ತಿದ್ದರು. ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದನ್ನು ಬಿಗಿದು, ಮೇಲೆ ಮೀನೆಣ್ಣೆ ಬಳಿಯುತ್ತಿದ್ದರು. ಹದಿಮೂರನೆಯ ಶತಮಾನದಲ್ಲಿ ಹೋರ್ಮುಜ್ ಬಂದರಿನಲ್ಲಿ ಇಂತಹ ಹಡಗುಗಳನ್ನು ಕಂಡ ಮಾರ್ಕೊ ಪೋಲೊನಿಗೆ ಅವು ಸ್ವಲ್ಪವೂ ಹಿಡಿಸಲಿಲ್ಲ. ಕಬ್ಬಿಣದ ಮೊಳೆಯಿಲ್ಲ, ರಾಳವಿಲ್ಲ, ಎಷ್ಟೋ ಹಡಗುಗಳು ಮುಳುಗುತ್ತವೆ ಎಂದು ಬರೆದಿಟ್ಟ. ಅವನ ತರುವಾಯ, 1340ರ ದಶಕದಲ್ಲಿ ನಮ್ಮ ಹೊನ್ನಾವರಕ್ಕೇ ಬಂದಿದ್ದ ಇಬ್ನ್ ಬತೂತನಿಗೆ ಒಳಗುಟ್ಟು ತಿಳಿದಿತ್ತು. (ಈ ಊರಿನಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಪಾಠಶಾಲೆಗಳನ್ನು ಕಂಡೆನೆಂದು ಬರೆದವನು ಅವನೇ. ಶಿಕ್ಷಕನಾದ ನನಗೆ ಆ ಮಾತನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು.) ಈ ಸಮುದ್ರದಲ್ಲಿ ಬಂಡೆಗಳು ಬಹಳ, ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ನಾರಿನಿಂದ ಹೊಲಿದದ್ದು ಬಳುಕಿ ಉಳಿಯುತ್ತದೆ ಎಂದು ಅವನು ವಿವರಿಸಿದ್ದಾನೆ.

ನಾನು ಚಿಕ್ಕವನಿದ್ದಾಗ ರಂಪಣಿ ಬಲೆ ಎಳೆಯುವ ದೊಡ್ಡ ದೋಣಿಗಳನ್ನು ಹೀಗೆ ಹೊಲಿಯುವುದನ್ನು ಕಣ್ಣಾರೆ ಕಂಡಿದ್ದೇನೆ. ಮಳೆಗಾಲದಲ್ಲಿ ದೋಣಿಗಳನ್ನು ಮೇಲಕ್ಕೆಳೆದು ಮಡಲಿನ ಚಪ್ಪರದಡಿ ಇರಿಸುತ್ತಿದ್ದರು. ಸವೆದ ಹುರಿಯನ್ನು ಬಿಚ್ಚಿ ಹೊಸದನ್ನು ಹಾಕುವುದು, ಸಂದುಗಳಿಗೆ ನಾರು ತುರುಕುವುದು, ಕೆಟ್ಟ ಹಲಗೆಯನ್ನು ತೆಗೆದು ಬೇರೆಯದನ್ನು ಕೂರಿಸುವುದು, ಎಣ್ಣೆ ಕುಡಿಸುವುದು, ಇವೆಲ್ಲ ವರ್ಷವರ್ಷವೂ ನಡೆಯುವ ಕೆಲಸಗಳು. ರಿಪೇರಿಯೆಂಬುದು ದೋಣಿ ಕೆಟ್ಟಾಗ ಮಾಡುವ ಕೆಲಸವಾಗಿರಲಿಲ್ಲ. ಕೊಟ್ಟಿಗೆಯ ಮಾಡಿಗೆ ಹುಲ್ಲು ಹೊದೆಸಿದಂತೆ, ಋತುಮಾನದ ಕೆಲಸವಾಗಿತ್ತು. ಅದನ್ನು ಬಲ್ಲವರು ಊರಿಗೆ ಕೆಲವರೇ ಇದ್ದರು. ಆ ವಿದ್ಯೆ ತಂದೆಯಿಂದ ಮಗನ ಕೈಗೆ ಬರುತ್ತಿತ್ತು.

ಇಂತಹ ವಾರ್ಷಿಕ ಶ್ರಮವೇ ಇಲ್ಲದ ದೋಣಿಯೊಂದು ಸಾಧ್ಯವೆಂಬ ಆಸೆ ಹುಟ್ಟಿದ್ದು ಬೇರೊಂದು ದೇಶದಲ್ಲಿ, ಅದೂ ಕಡಲಿಲ್ಲದ ಒಂದು ಊರಿನಲ್ಲಿ.

ಅಮೆರಿಕದ ಒಹಾಯೋ ರಾಜ್ಯದ ಟೊಲೀಡೊ ಪಟ್ಟಣ ಈರಿ ಸರೋವರದ ದಂಡೆಯಲ್ಲಿದೆ. 1888ರಲ್ಲಿ ಎಡ್ವರ್ಡ್ ಲಿಬ್ಬಿ ಎಂಬ ಉದ್ಯಮಿ ತನ್ನ ಗಾಜಿನ ಕಾರ್ಖಾನೆಯನ್ನು ಅಲ್ಲಿಗೆ ತಂದ. ಐದು ವರ್ಷಗಳ ಬಳಿಕ, 1893ರಲ್ಲಿ, ಷಿಕಾಗೊದಲ್ಲಿ ಜಾಗತಿಕ ಪ್ರದರ್ಶನ ನಡೆಯಿತು. ಸ್ವಾಮಿ ವಿವೇಕಾನಂದರು ಮಾತನಾಡಿದ ಸರ್ವಧರ್ಮ ಸಮ್ಮೇಳನ ನೆರೆದದ್ದು ಆ ಪ್ರದರ್ಶನದ ಅಂಗವಾಗಿಯೇ. ಅದೇ ಪ್ರದರ್ಶನದಲ್ಲಿ ಲಿಬ್ಬಿ ಗಾಜಿನ ಎಳೆಗಳನ್ನು ರೇಷ್ಮೆಯೊಡನೆ ನೇಯ್ದ ಒಂದು ಉಡುಪನ್ನು ಇರಿಸಿದ್ದ. ನೋಡಲು ಬಹಳ ಚೆಂದ. ಮಡಿಚಿದರೆ ಎಳೆ ಮುರಿಯುತ್ತಿತ್ತು. ಜನ ನೋಡಿ ಬೆರಗಾದರು, ಆದರೆ ಗಾಜಿನ ಬಟ್ಟೆ ಕೆಲವು ಕಾಲ ಬೆರಗಿನ ವಸ್ತುವಾಗಿಯೇ ಉಳಿಯಿತು.

ಗಾಜು ಒಡೆಯುವ ವಸ್ತು. ಅದರಿಂದ ದೋಣಿ ಮಾಡುವುದೆಂದರೆ ಏನು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಅದಕ್ಕೆ ಉತ್ತರ ಕೊಟ್ಟವನು ಗ್ರಿಫಿತ್ ಎಂಬ ಆಂಗ್ಲ ಎಂಜಿನಿಯರ್. ಗಾಜು ದುರ್ಬಲವಾಗುವುದು ಅದರ ಮೇಲ್ಮೈಯಲ್ಲಿರುವ ಕಣ್ಣಿಗೆ ಕಾಣದ ಬಿರುಕುಗಳಿಂದ. ಗಾಜನ್ನು ತೆಳ್ಳಗೆ ಎಳೆದಷ್ಟೂ ಅಂತಹ ಬಿರುಕುಗಳಿಗೆ ಎಡೆ ಕಡಿಮೆ, ಶಕ್ತಿ ಹೆಚ್ಚು. 1921ರಲ್ಲಿ ಪ್ರಕಟವಾದ ಅವನ ಪ್ರಬಂಧ ಇದನ್ನು ತೋರಿಸಿಕೊಟ್ಟಿತು. ಆದರೆ ಅಷ್ಟು ತೆಳುವಾದ ಎಳೆಯನ್ನು ಅಗ್ಗವಾಗಿ, ರಾಶಿರಾಶಿಯಾಗಿ ತೆಗೆಯುವುದು ಹೇಗೆ? 1932ರಲ್ಲಿ ಒಹಾಯೋದಲ್ಲೇ ಡೇಲ್ ಕ್ಲೈಸ್ಟ್ ಎಂಬ ಯುವ ಸಂಶೋಧಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಹೆಣಗುತ್ತಿದ್ದಾಗ, ಒತ್ತಡದ ಗಾಳಿಯ ಸೆಲೆಯೊಂದು ಕರಗಿದ ಗಾಜಿಗೆ ಬಡಿದು, ಅದು ನೂಲುನೂಲಾಗಿ ಸಿಡಿಯಿತು. ಬೇಕಾಗಿ ಆದದ್ದಲ್ಲ, ಆದರೆ ಬೇಕಾಗಿದ್ದುದು ಅದೇ. 1938ರಲ್ಲಿ ಓವೆನ್ಸ್-ಕಾರ್ನಿಂಗ್ ಎಂಬ ಕಂಪನಿ ಈ ನಾರನ್ನೇ ವ್ಯಾಪಾರವಾಗಿಸಿಕೊಂಡು ಟೊಲೀಡೊದಲ್ಲಿ ಆರಂಭವಾಯಿತು.

ನಾರು ಸಿಕ್ಕಿದರೆ ಸಾಲದು, ಅದನ್ನು ಹಿಡಿದಿಡುವ ಅಂಟು ಬೇಕು. 1930ರ ದಶಕದಲ್ಲಿ ಕಾರ್ಲ್‌ಟನ್ ಎಲ್ಲಿಸ್ ಎಂಬ ರಸಾಯನಶಾಸ್ತ್ರಜ್ಞ ಪಾಲಿಯೆಸ್ಟರ್ ರಾಳಕ್ಕೆ ಸ್ಟೈರೀನ್ ಬೆರೆಸಿದರೆ ಅದು ಬಹು ಬೇಗ ಗಟ್ಟಿಯಾಗುವುದನ್ನು ಕಂಡುಕೊಂಡ. ಅದಕ್ಕೆ ಒಲೆ ಬೇಡ, ಭಾರಿ ಯಂತ್ರದ ಒತ್ತಡವೂ ಬೇಡ. ನಾರಿನ ಬಟ್ಟೆಯ ಮೇಲೆ ಕುಂಚದಿಂದ ಬಳಿದರೆ ಸಾಕು. ಟೊಲೀಡೊದವನೇ ಆದ ರೇ ಗ್ರೀನ್ ಎಂಬ ದೋಣಿಗಾರ ಈ ಎರಡನ್ನೂ ಸೇರಿಸಿ 1942ರಲ್ಲಿ ಒಂದು ಪುಟ್ಟ ದೋಣಿ ಮಾಡಿದ. ಗಾಜಿನ ನಾರು ಮತ್ತು ಪಾಲಿಯೆಸ್ಟರ್ ರಾಳದ ಮೊದಲ ದೋಣಿಗಳಲ್ಲಿ ಅದು ಒಂದೆಂದು ಎಣಿಕೆ. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅವನ ಕಾರ್ಖಾನೆಯಿಂದ ರೆಬೆಲ್ ಎಂಬ ಹದಿನಾರು ಅಡಿಯ ಹಾಯಿದೋಣಿ ಹೊರಬಂತು.

ಇನ್ನು ರಿಪೇರಿಯ ಕಾಟವಿಲ್ಲ ಎಂದು ಮಾರುವವರು ಹೇಳಿದರು. ಅದು ಬರೀ ಸುಳ್ಳಲ್ಲ. ಅಮೆರಿಕದ ಕರಾವಳಿ ಕಾವಲು ಪಡೆ 1950ರ ದಶಕದ ಆರಂಭದಲ್ಲಿ ನಲವತ್ತು ಅಡಿಯ ಫೈಬರ್ ದೋಣಿಗಳನ್ನು ಕಟ್ಟಿಸಿತು. ಹತ್ತು ವರ್ಷ ದುಡಿದ ಮೇಲೂ, ಮತ್ತೆ ಇಪ್ಪತ್ತು ವರ್ಷಗಳಾದ ಮೇಲೂ, ಅದರ ಮೈಯಿಂದ ತುಂಡು ಕತ್ತರಿಸಿ ಪರೀಕ್ಷಿಸಿದಾಗ ಅದು ಹೆಚ್ಚುಕಡಿಮೆ ಮೊದಲಿನಷ್ಟೇ ಗಟ್ಟಿಯಾಗಿತ್ತು. ಹುಳು ಕೊರೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಬಿಸಿಲಿಗೆ ಸಂದು ಬಿಡುವುದಿಲ್ಲ.

ಈಗ ನಮ್ಮ ತೋಟದ ದೋಣಿಗೆ ಸಮೀಪ ಬರೋಣ. ಅದು ಎಂಟರ್‌ಪ್ರೈಸ್ ಎಂಬ ಜಾತಿಯದು. ಜ್ಯಾಕ್ ಹೋಲ್ಟ್ ಎಂಬ ಆಂಗ್ಲ ವಿನ್ಯಾಸಗಾರ 1956ರಲ್ಲಿ ನ್ಯೂಸ್ ಕ್ರಾನಿಕಲ್ ಪತ್ರಿಕೆಗಾಗಿ ರೂಪಿಸಿದ, ನಾಲ್ಕು ಮೀಟರಿಗಿಂತ ಸ್ವಲ್ಪ ಉದ್ದದ, ನೀಲಿ ಹಾಯಿಯ, ಇಬ್ಬರು ನಡೆಸುವ ದೋಣಿ. ಮಧ್ಯಮವರ್ಗದವರು ಮನೆಯಲ್ಲೇ ಕಟ್ಟಿಕೊಳ್ಳುವಂತಿರಬೇಕು ಎಂಬುದು ಅವನ ಉದ್ದೇಶ. ಆದ್ದರಿಂದ ಪ್ಲೈವುಡ್ ಹಾಳೆಗಳನ್ನು ಬಗ್ಗಿಸಿ ಜೋಡಿಸಿದಂತೆ ಅದರ ಮೈಯಲ್ಲಿ ಉದ್ದುದ್ದನೆಯ ಕೋನಗಳಿವೆ. ಮುಂದೆ ಅದೇ ದೋಣಿಯನ್ನು ಫೈಬರಿನಲ್ಲಿ ಎರಕ ಹೊಯ್ಯತೊಡಗಿದಾಗಲೂ, ಸ್ಪರ್ಧೆಯ ನಿಯಮಕ್ಕಾಗಿ ಆ ಕೋನಗಳನ್ನು ಹಾಗೆಯೇ ಉಳಿಸಿಕೊಂಡರು. ಫೈಬರಿಗೆ ಆ ಕೋನಗಳ ಅಗತ್ಯವೇ ಇಲ್ಲ. ಮಗ ತಂದೆಯ ಅಂಗಿ ತೊಟ್ಟಂತೆ, ಹೊಸ ವಸ್ತು ಹಳೆಯದರ ಆಕಾರವನ್ನು ತೊಟ್ಟಿತು. ಈ ದೋಣಿಗಳು ಭಾರತಕ್ಕೂ ಬಂದವು. ನಮ್ಮ ನೌಕಾ ಕೆಡೆಟ್‌ಗಳಲ್ಲಿ ಅನೇಕರು ಹಾಯಿ ಕಟ್ಟಲು ಕಲಿತದ್ದು ಇವುಗಳಲ್ಲೇ.

ಇದೇ ಹೋಲ್ಟ್ ಮಹಾಶಯ, ಟೆಲಿವಿಷನ್ನಿನಲ್ಲಿ ಮನೆಗೆಲಸದ ಪಾಠ ಹೇಳುತ್ತಿದ್ದ ಬ್ಯಾರಿ ಬಕ್‌ನೆಲ್ ಎಂಬವರೊಡನೆ ಸೇರಿ 1960ರ ದಶಕದ ಆರಂಭದಲ್ಲಿ ಮಿರರ್ ಎಂಬ ಇನ್ನೊಂದು ದೋಣಿಯನ್ನು ರೂಪಿಸಿದ. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಆ ಹೊಲಿಗೆಯ ಮೇಲೆ ಗಾಜಿನ ನಾರಿನ ಪಟ್ಟಿಯನ್ನೂ ರಾಳವನ್ನೂ ಹಚ್ಚುವ ಕ್ರಮ ಅದು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಿರರ್ ದೋಣಿಗಳು ಹೀಗೆ ಹುಟ್ಟಿದವು. 1980ರ ದಶಕದಲ್ಲಿ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ ಪಿಯೆರ್ ಜಿಲೆ ಎಂಬ ಬೆಲ್ಜಿಯಂ ದೇಶದ ಎಂಜಿನಿಯರ್ ಅಲ್ಲಿಯ ಮೀನುಗಾರರೊಡನೆ ಸೇರಿ ಇದೇ ಬಗೆಯಲ್ಲಿ ಹೊಲಿದು ಅಂಟಿಸುವ ಪ್ಲೈವುಡ್ ದೋಣಿಗಳನ್ನು ಕಟ್ಟಿಸಿದರು. ಇಬ್ನ್ ಬತೂತ ಮೆಚ್ಚಿದ್ದ ಹೊಲಿಗೆ, ಆರು ಶತಮಾನಗಳಾಚೆ, ನಾರಿನ ಬದಲು ತಂತಿಯನ್ನು ಹಿಡಿದು ಅದೇ ಕಡಲಿಗೆ ಮರಳಿ ಬಂದಂತಾಯಿತು. ನಮ್ಮ ಕಡೆಯಲ್ಲೂ ಆ ದಶಕದಿಂದೀಚೆಗೆ ಮರದ ದೋಣಿಗಳ ನಡುವೆ ಫೈಬರ್ ದೋಣಿಗಳು ಒಂದೊಂದಾಗಿ ಕಾಣಿಸಿಕೊಳ್ಳತೊಡಗಿದವು. ದೊಡ್ಡ ಮಾವಿನಮರಗಳು ದುರ್ಲಭವಾಗುತ್ತಿದ್ದ ಕಾಲ ಅದು.

1991ರಲ್ಲಿ ನಮ್ಮ ಶಾಲೆಗೆ ಒಂದು ದೋಣಿ ಬಂತು. ಯಾರೋ ಹರಾಜಿನಲ್ಲಿ ಕೊಂಡು, ಕೆಲವು ವರ್ಷ ಬಳಸಿ, ಬಿಟ್ಟುಕೊಟ್ಟದ್ದು. ಮಕ್ಕಳಿಗೆ ಹಾಯಿ ಕಲಿಸಬೇಕೆಂಬ ಹುಮ್ಮಸ್ಸು ನನಗೂ ದೈಹಿಕ ಶಿಕ್ಷಕರಿಗೂ ಇತ್ತು. ಕೂವೆಮರ, ಹಾಯಿ, ಚುಕ್ಕಾಣಿ ಎಲ್ಲ ಬೇರೆಬೇರೆಯಾಗಿ ಮೂಲೆಯಲ್ಲಿ ಬಿದ್ದಿದ್ದವು. ಹಿಂದಿನ ಮಾಲೀಕರು ಅದನ್ನು ತಮ್ಮ ಅನುಕೂಲಕ್ಕೆ ಮಾರ್ಪಡಿಸಿಕೊಂಡಿದ್ದರು. ಹಿಂಬದಿಯ ಗೋಡೆಯನ್ನು ತಗ್ಗಾಗಿ ಕತ್ತರಿಸಿ ಮೋಟಾರು ಕೂರಿಸಲು ಹಲಗೆ ಬಡಿದಿದ್ದರು. ದೋಣಿಯ ಎರಡು ಪಕ್ಕಗಳಲ್ಲಿ ಕೂರುವ ಕಟ್ಟೆಯಂತಿದ್ದ ಪೆಟ್ಟಿಗೆಗಳ ಮೇಲ್ಭಾಗವನ್ನು ಕೊಯ್ದು, ಬೆಳಚು ತುಂಬಲು ಜಾಗ ಮಾಡಿಕೊಂಡಿದ್ದರು. ಜಾಗ ಹೆಚ್ಚಾಯಿತಲ್ಲ, ಮೂವರು ಹುಡುಗರು ಕೂರಬಹುದು ಎಂದು ನನಗೆ ಸಂತೋಷವೇ ಆಯಿತು.

ಡಿಸೆಂಬರಿನ ಒಂದು ಮಧ್ಯಾಹ್ನ ಮೂವರು ಹುಡುಗರು ದೋಣಿಯನ್ನು ಹೊಳೆಗೆ ಇಳಿಸಿದರು. ತೇಲುಜಾಕೀಟು ಇದ್ದದ್ದು ಎರಡೇ. ದಡದಿಂದ ಸುಮಾರು ನೂರು ಮಾರು ಹೋಗಿರಬಹುದು, ಗಾಳಿ ಒಮ್ಮೆಲೇ ದಿಕ್ಕು ಬದಲಿಸಿತು. ದೋಣಿ ಮಗುಚಿತು. ಅದು ಗಾಬರಿಯ ಸಂಗತಿಯಲ್ಲ. ಹಾಯಿದೋಣಿಗಳು ಮಗುಚುತ್ತವೆ, ಹುಡುಗರು ಅದನ್ನು ಹಿಡಿದುಕೊಂಡು ತೇಲುತ್ತಾರೆ, ನೆಟ್ಟಗೆ ಮಾಡುತ್ತಾರೆ. ನಾನು ದಡದಿಂದ ‘ದೋಣಿ ಬಿಡಬೇಡಿ’ ಎಂದು ಕೂಗಿದೆ. ಅವರು ಬಿಡಲಿಲ್ಲ. ದೋಣಿಯೇ ಅವರನ್ನು ಬಿಟ್ಟಿತು. ನೋಡನೋಡುತ್ತಿದ್ದಂತೆ ಹಿಂಬದಿ ಕೆಳಗಾಗಿ, ಮೂತಿ ಮೇಲೆದ್ದು, ಕಲ್ಲಿನಂತೆ ಮುಳುಗಿಹೋಯಿತು. ಸಮೀಪದಲ್ಲಿ ಬಲೆ ಬಿಡುತ್ತಿದ್ದ ಇಬ್ಬರು ತಮ್ಮ ಮರದ ಪಾತಿ ದೋಣಿಯನ್ನು ತಂದು ಮೂವರನ್ನೂ ಎತ್ತಿಕೊಂಡರು. ಜಾಕೀಟಿಲ್ಲದ ಹುಡುಗ ಸಾಕಷ್ಟು ನೀರು ಕುಡಿದಿದ್ದ. ಆ ರಾತ್ರಿ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ಕುಳಿತಿದ್ದೆ. ಅವನ ತಾಯಿ ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ.

ಬರೆಯಲು ಸಂಕೋಚವಿತ್ತೆಂದು ಹೇಳಿದ್ದು ಇದಕ್ಕೇ. ಆರ್ಕಿಮಿಡೀಸನ ತತ್ತ್ವವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಆ ದೋಣಿಯನ್ನು ನೋಡಿದಾಗ ಮಾಡಬೇಕಾಗಿದ್ದ ಲೆಕ್ಕ ಎಂಟನೆಯ ತರಗತಿಯದು. ನೂರು ಕಿಲೋ ಮಾವಿನ ಹಲಗೆ ಪೂರ್ತಿ ಮುಳುಗಿದರೆ ಸುಮಾರು ನೂರೈವತ್ತು ಲೀಟರ್ ನೀರನ್ನು ತಳ್ಳುತ್ತದೆ. ಎಂದರೆ ತನ್ನ ತೂಕವನ್ನು ಹೊತ್ತು, ಮೇಲೆ ಇನ್ನೂ ಐವತ್ತು ಕಿಲೋ ಹೊರಬಲ್ಲದು. ಗಾಜಿನ ನಾರು ಮತ್ತು ರಾಳದ ಹಾಳೆ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಅದರ ನೂರು ಕಿಲೋ ತಳ್ಳುವುದು ಅರವತ್ತೇಳು ಲೀಟರನ್ನು ಮಾತ್ರ. ಉಳಿದ ಮೂವತ್ತಮೂರು ಕಿಲೋ ಅದನ್ನು ತಳಕ್ಕೆ ಎಳೆಯುತ್ತದೆ. ಮರದ ದೋಣಿಗೆ ನೀರು ತುಂಬಿದರೆ ಅದು ತೇಲುವ ಕೊರಡಾಗುತ್ತದೆ. ಫೈಬರ್ ದೋಣಿಗೆ ನೀರು ತುಂಬಿದರೆ ಅದು ಮುಳುಗುತ್ತದೆ. ಇದನ್ನು ತಿಳಿದೇ ಅದರ ಪಕ್ಕಗಳಲ್ಲಿ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳನ್ನು ಇರಿಸಿರುತ್ತಾರೆ. ಬೆಳಚಿಗಾಗಿ ಕೊಯ್ದದ್ದು ಆ ಪೆಟ್ಟಿಗೆಗಳನ್ನೇ. ಕೊಯ್ದವರನ್ನು ನಾನು ದೂರಲಾರೆ. ಅವರಿಗೆ ಅದು ಬರಿಯ ಖಾಲಿ ಜಾಗವಾಗಿ ಕಂಡಿತು. ನೋಡಿಯೂ ಕಾಣದವನು ನಾನು.

ಮುಳುಗಿದ ದೋಣಿಯನ್ನು ಮೂರನೆಯ ದಿನ ಇಳಿತದ ಹೊತ್ತಿನಲ್ಲಿ ಹಗ್ಗ ಕಟ್ಟಿ ಎಳೆದರು. ಗುಜರಿಗೆ ಹಾಕಿ ಎಂದವರು ಹಲವರು. ನನಗೆ ಒಪ್ಪಿಗೆಯಾಗಲಿಲ್ಲ. ದೋಣಿಯನ್ನು ಹಾಗೆಯೇ ಬಿಟ್ಟರೆ ನನ್ನ ತಪ್ಪು ಮಾತ್ರ ಉಳಿಯುತ್ತದೆ, ಕಲಿತದ್ದೇನೂ ಉಳಿಯುವುದಿಲ್ಲ ಎನಿಸಿತು. ನದಿಯಾಚೆಯ ಒಬ್ಬ ಹಿರಿಯ ಆಚಾರಿಯವರ ಬಳಿಗೆ ಹೋದೆ. ಮರದ ದೋಣಿ ಕಟ್ಟುವುದರಲ್ಲಿ ಹೆಸರಾದವರು. ಮಗ ಮಲ್ಪೆಯ ಕಡೆ ಹೋಗಿ ಫೈಬರ್ ಕೆಲಸ ಕಲಿತುಬಂದ ಮೇಲೆ, ಅರವತ್ತರ ವಯಸ್ಸಿನಲ್ಲಿ ಮಗನಿಂದ ಆ ಕೆಲಸ ಕಲಿತಿದ್ದರು. ಅವರು ದೋಣಿಯ ಸುತ್ತ ಒಂದು ಸುತ್ತು ಬಂದು ಹೇಳಿದರು: ‘ಮಾಸ್ತರ್ರೇ, ಮರಕ್ಕೆ ತೇಲೋದು ಹುಟ್ಟುಗುಣ. ಇದಕ್ಕೆ ಹಾಗಲ್ಲ. ನಾವು ತೇಲಿಸಿದ್ರೆ ಮಾತ್ರ ತೇಲ್ತದೆ.’ ನನ್ನ ಲೆಕ್ಕವನ್ನೆಲ್ಲ ಅವರು ಮೂರು ಮಾತಿನಲ್ಲಿ ಮುಗಿಸಿದ್ದರು.

ಮೊದಲು ಒಣಗಿಸುವ ಕೆಲಸ. ದೋಣಿಯನ್ನು ಸಿಹಿನೀರಿನಿಂದ ತೊಳೆದು, ಬೋರಲು ಹಾಕಿ, ಒಂದು ತಿಂಗಳು ಬಿಸಿಲು ಗಾಳಿಗಳಿಗೆ ಬಿಟ್ಟೆವು. ಒಳಗೆ ತೇವವಿದ್ದರೆ ಹೊಸ ರಾಳ ಹಿಡಿಯುವುದಿಲ್ಲ. ಆಮೇಲೆ ಆಚಾರಿಯವರು ಒಂದು ರೂಪಾಯಿ ನಾಣ್ಯ ಹಿಡಿದು ಮೈಯುದ್ದಕ್ಕೂ ತಟ್ಟುತ್ತ ಹೋದರು. ಗಟ್ಟಿಯಿದ್ದಲ್ಲಿ ಠಣ್ ಎನ್ನುತ್ತದೆ; ಪದರ ಬಿಟ್ಟಲ್ಲಿ ಮಂಕಾದ ಸದ್ದು. ಹಾಗೆ ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗೆರೆ ಹಾಕುವ ಕೆಲಸ ನನ್ನದು. ಹಿಂದೆ ಯಾರೋ ಹಾಕಿದ್ದ ತೇಪೆಯೊಂದನ್ನು ಅವರು ಉಗುರಿನಿಂದಲೇ ಎತ್ತಿ ತೋರಿಸಿದರು. ಬಣ್ಣವನ್ನು ಕೆರೆಯದೆ ಅದರ ಮೇಲೇ ಹಚ್ಚಿದ್ದರು. ತೇಪೆ ಬಣ್ಣಕ್ಕೆ ಅಂಟಿತ್ತು, ದೋಣಿಗಲ್ಲ. ಮೋಟಾರಿಗಾಗಿ ಬಡಿದಿದ್ದ ಹಲಗೆಯನ್ನು ಬಿಚ್ಚಿದಾಗ ಒಳಗಿನ ಪ್ಲೈವುಡ್ ನೆನೆದ ಅವಲಕ್ಕಿಯಂತಾಗಿತ್ತು. ಫೈಬರ್ ಕೊಳೆಯುವುದಿಲ್ಲ, ಆದರೆ ಅದರೊಳಗೆ ಮುಚ್ಚಿಟ್ಟ ಮರಕ್ಕೆ ಮೊಳೆಯ ತೂತಿನಿಂದ ನೀರು ಇಳಿದರೆ ಹೊರಗೆ ಕಾಣದಂತೆ ಕೊಳೆಯುತ್ತದೆ.

ತೇಪೆ ಹಾಕುವುದರ ಮರ್ಮ ಅಂಚಿನಲ್ಲಿದೆ. ದೋಣಿಯನ್ನು ಮೊದಲ ಬಾರಿ ಎರಕ ಹೊಯ್ಯುವಾಗ ಪದರಗಳೆಲ್ಲ ಹಸಿಯಾಗಿದ್ದು, ರಾಳ ಒಂದರೊಡನೊಂದು ರಾಸಾಯನಿಕವಾಗಿ ಬೆಸೆಯುತ್ತದೆ. ಗಟ್ಟಿಯಾಗಿ ವರ್ಷಗಳಾದ ಮೈಗೆ ಹಚ್ಚುವ ಹೊಸ ರಾಳ ಕೇವಲ ಅಂಟಿಕೊಂಡಿರುತ್ತದೆ. ಆ ಕೊರತೆಯನ್ನು ತುಂಬಿಕೊಡಬೇಕಾದದ್ದು ಅಗಲ. ಆದ್ದರಿಂದ ತೂತಿನ ಸುತ್ತ ಮೈಯನ್ನು ಇಳಿಜಾರಾಗಿ ಉಜ್ಜಬೇಕು. ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಉಜ್ಜುವುದು ವಾಡಿಕೆ. ಐದು ಮಿಲಿಮೀಟರ್ ದಪ್ಪದ ಗೋಡೆಯಾದರೆ ಸುತ್ತಲೂ ಅರವತ್ತು ಮಿಲಿಮೀಟರ್. ಅಂಗೈಯಗಲದ ತೂತು ಮುಚ್ಚಲು ಊಟದ ತಟ್ಟೆಯಗಲ ಕೆರೆಯಬೇಕು. ಚೆನ್ನಾಗಿರುವ ಭಾಗವನ್ನು ಇಷ್ಟೊಂದು ಯಾಕೆ ಕೆರೆಯುವುದು ಎಂದು ನನಗೆ ಜೀವ ಹಿಂಡಿದಂತಾಗುತ್ತಿತ್ತು. ಆಚಾರಿಯವರು ಮಾತ್ರ ಕೈ ನಿಲ್ಲಿಸಲಿಲ್ಲ.

ಆಮೇಲೆ ಅಸಿಟೋನಿನಲ್ಲಿ ಒರೆಸಿ, ಗಾಜಿನ ನಾರಿನ ಮ್ಯಾಟನ್ನು ಅಳತೆಗೆ ಹರಿದು, ಪದರದ ಮೇಲೆ ಪದರ ಹಚ್ಚಿದೆವು. ರಾಳಕ್ಕೆ ಮೊದಲು ಕೋಬಾಲ್ಟ್ ಬೆರೆಸಿ ಚೆನ್ನಾಗಿ ಕಲಕಬೇಕು. ಆಮೇಲೆ ಕ್ಯಾಟಲಿಸ್ಟ್, ಅದೂ ನೂರಕ್ಕೆ ಒಂದೆರಡು ಪಾಲು. ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟಿಸಬಹುದು. ಈ ಎರಡು ಬಾಟಲಿಗಳನ್ನು ಆಚಾರಿಯವರು ಅಂಗಳದ ಎರಡು ತುದಿಗಳಲ್ಲಿ ಇರಿಸುತ್ತಿದ್ದರು. ಬೆರೆಸಿದ ಕಾಲು ಗಂಟೆಯಲ್ಲಿ ಡಬ್ಬ ಬಿಸಿಯಾಗತೊಡಗುತ್ತದೆ. ಅಷ್ಟರಲ್ಲಿ ಬಳಿದು, ರೋಲರಿನಿಂದ ಒತ್ತಿ ಗುಳ್ಳೆಗಳನ್ನು ಹೊರಗೆ ಹಾಕಬೇಕು. ಗುಳ್ಳೆ ಉಳಿದರೆ ಅಲ್ಲೇ ನೀರು ಸೇರುತ್ತದೆ. ಹಸಿ ರಾಳದ ವಾಸನೆ ತಲೆಗೇರುತ್ತಿತ್ತು, ನಾರಿನ ಚೂರು ಮೈಗೆ ಚುಚ್ಚಿ ರಾತ್ರಿಯಿಡೀ ತುರಿಕೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡದ್ದು ಬಿಟ್ಟರೆ ನಮಗೆ ಬೇರೆ ರಕ್ಷಣೆ ಇರಲಿಲ್ಲ. ಇಂದು ಈ ಕೆಲಸ ಮಾಡುವವರು ಹಾಗೆ ಮಾಡಬಾರದು. ಸರಿಯಾದ ಮುಖಗವಸು, ಕನ್ನಡಕ, ಕೈಗವಸು ಇಲ್ಲದೆ ಕೂರಬಾರದು.

ಕೊನೆಯದಾಗಿ ಗಾಳಿಪೆಟ್ಟಿಗೆಗಳು. ಕೊಯ್ದಿದ್ದ ಮೇಲ್ಭಾಗಕ್ಕೆ ಹೊಸ ಮುಚ್ಚಳ ಎರಕ ಹೊಯ್ದು ಕೂರಿಸುವ ಮೊದಲು, ಬಿರಡೆ ಬಿಗಿದ ಐದು ಲೀಟರಿನ ನಲವತ್ತು ಖಾಲಿ ಪ್ಲಾಸ್ಟಿಕ್ ಕ್ಯಾನುಗಳನ್ನು ಒಳಗೆ ತುಂಬಿದೆವು. ಪೆಟ್ಟಿಗೆ ಸೋರಿದರೂ ಕ್ಯಾನುಗಳೊಳಗಿನ ಇನ್ನೂರು ಲೀಟರ್ ಗಾಳಿ ಉಳಿಯಲಿ ಎಂದು. ಮುಳುಗದಿರಲು ಅಷ್ಟು ಬೇಡ. ಆದರೆ ಮುಳುಗದಿದ್ದರೆ ಸಾಲದು. ಅಂಚು ನೀರಿನ ಮೇಲೆ ನಿಲ್ಲಬೇಕು, ಹುಡುಗರು ಒಳಗಿನ ನೀರನ್ನು ಮೊಗೆದುಹಾಕುವಂತಿರಬೇಕು. ಈ ಬಾರಿ ಲೆಕ್ಕವನ್ನು ಕಾಗದದ ಮೇಲೆ ಮೂರು ಸಲ ಮಾಡಿದೆ.

ಪರೀಕ್ಷೆ 1992ರ ಏಪ್ರಿಲಿನಲ್ಲಿ, ಎದೆಮಟ್ಟದ ನೀರಿನಲ್ಲಿ. ದೋಣಿಯನ್ನು ನಾವೇ ಬೇಕೆಂದು ಮಗುಚಿದೆವು, ಬಕೆಟ್ಟಿನಿಂದ ಅಂಚಿನವರೆಗೂ ನೀರು ತುಂಬಿದೆವು. ಇಬ್ಬರು ದೊಡ್ಡವರು ಅದರಲ್ಲಿ ಕುಳಿತೆವು. ದೋಣಿ ಸ್ವಲ್ಪ ತಗ್ಗಿತು, ತೂಗಾಡಿತು, ಅಲ್ಲೇ ನಿಂತಿತು. ದಡದಲ್ಲಿ ನೆರೆದ ಮಕ್ಕಳು ಚಪ್ಪಾಳೆ ತಟ್ಟಿದರು. ಹಿಂದಿನ ಮೂವರಲ್ಲಿ ಇಬ್ಬರು ಅಂದೇ ದೋಣಿ ಹತ್ತಿದರು. ಆ ವೇಳೆಗೆ ನಮ್ಮಲ್ಲಿ ಆರು ತೇಲುಜಾಕೀಟುಗಳಿದ್ದವು, ಹಾಕಿಕೊಳ್ಳದವನಿಗೆ ಹೊಳೆಯಿಲ್ಲ ಎಂಬ ನಿಯಮವೂ ಇತ್ತು. ಮೂರನೆಯವನು ಬರಲಿಲ್ಲ. ಅವನು ಮತ್ತೆಂದೂ ದೋಣಿ ಹತ್ತಲಿಲ್ಲ. ಈಗ ಬೇರೆ ಊರಿನಲ್ಲಿದ್ದಾನೆ, ಮಕ್ಕಳೊಂದಿಗನಾಗಿದ್ದಾನೆ. ಸಿಕ್ಕಾಗ ಆದರದಿಂದ ಮಾತನಾಡಿಸುತ್ತಾನೆ. ದೋಣಿಯ ಮಾತನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಆ ದೋಣಿ ಮುಂದೆ ಹದಿನಾಲ್ಕು ವರ್ಷ ಮಕ್ಕಳಿಗೆ ದುಡಿಯಿತು. ಅಷ್ಟರಲ್ಲಿ 2004ರ ಡಿಸೆಂಬರ್ 26ರ ಸುನಾಮಿ ತಮಿಳುನಾಡಿನ ತೀರದಲ್ಲಿ ಸಾವಿರಾರು ದೋಣಿಗಳನ್ನು ಪುಡಿ ಮಾಡಿತು. ಮರದ ಕಟ್ಟುಮರಗಳ ಸ್ಥಾನಕ್ಕೆ ಫೈಬರ್ ದೋಣಿಗಳು ರಾಶಿರಾಶಿಯಾಗಿ ಬಂದವು. ಅವಸರದಲ್ಲಿ ಕಟ್ಟಿದ ಕೆಲವು ಕಳಪೆಯಾಗಿದ್ದವೆಂಬ ದೂರುಗಳೂ, ಮೀನುಗಾರರಿಗೇ ರಿಪೇರಿ ಕಲಿಸುವ ತರಬೇತಿಗಳೂ ಆಗ ನಡೆದವು. ಆ ಸುದ್ದಿಗಳನ್ನು ಓದುವಾಗಲೆಲ್ಲ ನನಗೆ ಕೇಳಬೇಕೆನಿಸುತ್ತಿದ್ದದ್ದು ಒಂದೇ ಪ್ರಶ್ನೆ: ಅವುಗಳ ಗಾಳಿಪೆಟ್ಟಿಗೆಯನ್ನು ಯಾರಾದರೂ ನೋಡಿದ್ದಾರೆಯೇ?

ಹೊಸ ವಸ್ತುವೊಂದು ಬಂದಾಗ ಹಳೆಯದರ ಆಕಾರವನ್ನು ನಾವು ಸುಲಭವಾಗಿ ತೆಗೆದುಕೊಳ್ಳುತ್ತೇವೆ. ಹಳೆಯದು ಕೇಳದೆಯೇ ಮಾಡುತ್ತಿದ್ದ ಉಪಕಾರಗಳು ಮಾತ್ರ ಅದರೊಡನೆ ಬರುವುದಿಲ್ಲ. ಮಾವಿನಮರ ತಾನಾಗಿ ತೇಲುತ್ತಿತ್ತು. ಆ ಗುಣಕ್ಕೆ ಹೆಸರಿಡುವ ಅಗತ್ಯವೂ ನಮ್ಮ ಹಿರಿಯರಿಗೆ ಬಿದ್ದಿರಲಿಲ್ಲ. ಮರ ಕೊನೆಗೆ ತಾನಾಗಿ ಮಣ್ಣೂ ಆಗುತ್ತಿತ್ತು. ಫೈಬರಿಗೆ ಆ ಗುಣವೂ ಇಲ್ಲ. ದುಡಿಮೆ ಮುಗಿಸಿದ ಫೈಬರ್ ದೋಣಿಗಳನ್ನು ಏನು ಮಾಡಬೇಕೆಂಬುದು ಇಂದು ಅನೇಕ ದೇಶಗಳಿಗೆ ತಲೆನೋವಾಗಿದೆ. ಸುಟ್ಟರೆ ಹೊಗೆ, ಹೂತರೆ ಕರಗದು. ನಮ್ಮ ತೋಟದ ದೋಣಿ ಅಲ್ಲಿ ಮಲಗಿರುವುದೂ ಅದಕ್ಕೇ.

ಆಚಾರಿಯವರು ಈಗಿಲ್ಲ. ಹೊರಡುವ ಮುನ್ನ ನಾನು ಜೇಬಿನಿಂದ ಒಂದು ನಾಣ್ಯ ತೆಗೆದು, ಅವರು ಮಾಡುತ್ತಿದ್ದಂತೆ ತೇಪೆಗಳ ಮೇಲೆ ಒಂದೊಂದಾಗಿ ತಟ್ಟಿದೆ. ಅವರು ಹಾಕಿದವೆಲ್ಲ ಠಣ್ ಎಂದವು. ನಾನು ಹಾಕಿದ್ದರಲ್ಲಿ ಒಂದರ ಸದ್ದು ಸ್ವಲ್ಪ ಮಂಕಾಗಿತ್ತು. ಮಳೆ ಮತ್ತೆ ಶುರುವಾಗುವಂತಿತ್ತು. ಬಳ್ಳಿಯನ್ನು ಮೊದಲಿದ್ದಂತೆ ಎಳೆದು ಬಸ್ಸಿಗೆ ಹೊರಟೆ.